ಹೊಸ ಚೇರಮನ್ನರ ಮೊದಲ ಎಂಟು ದಿನ

ಚೀಟಿಗಳನ್ನು ಎರಡು ಸಲ ಎಣಿಸಿದೆವು. ಎರಡು ಸಲವೂ ಎಂಟು–ಏಳು. ಚುನಾವಣೆ ನಡೆಸಲು ತಾಲ್ಲೂಕಿನಿಂದ ಬಂದಿದ್ದ ಅಧಿಕಾರಿ ಗೆದ್ದವರ ಹೆಸರು ಓದಿದಾಗ ಪಂಚಾಯ್ತಿ ಕಚೇರಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೆದ್ದವರ ಕಡೆಯವರೂ ಬಾಯಿ ತೆರೆದು ಕೂತಿದ್ದರು. ಪಂಚಾಯ್ತಿ ಹುಟ್ಟಿದಾಗಿನಿಂದ ಚೇರಮನ್ನರ ಕುರ್ಚಿ ಹಿರಿಯ ಗೌಡರದು. ಅವರು ಸೋಲುತ್ತಾರೆಂದು, ಅವರಿಗೆ ವಿರುದ್ಧ ಚೀಟಿ ಹಾಕಿದವರೂ ನಂಬಿರಲಿಲ್ಲ.

ಅಣ್ಣಿಗೇರಿ ಮತ್ತು ನವಲಗುಂದದ ನಡುವಿನ ಆ ಊರಲ್ಲಿ ನಾನು ಪಂಚಾಯ್ತಿ ಕಾರ್ಯದರ್ಶಿಯಾಗಿದ್ದೆ. ಎಪ್ಪತ್ತರ ದಶಕದ ಒಂದು ಬೇಸಿಗೆ. ಯುಗಾದಿ ಮುಗಿದು ಮೂರು ವಾರವಾಗಿತ್ತು. ಅಂದು ಸೋಮವಾರ.

ಹೊಸ ಚೇರಮನ್ನರಿಗೆ ಮೂವತ್ತೈದರ ಆಸುಪಾಸು. ಹತ್ತಿ, ಜೋಳ ಬೆಳೆಯುವ ರೈತ. ಗಿಡ್ಡ ಆಳು, ಕೂತು ಮಾತಾಡುವುದು ಗೊತ್ತಿಲ್ಲ. ಹಾಕಿದ ಮಾಲೆಯನ್ನು ತೆಗೆದು ಮೇಜಿನ ಮೇಲಿಟ್ಟು, ಎದ್ದು ನಿಂತೇ ಹೇಳಿದರು:

"ಊರಾಗಿನ ಬಾವಿಗೆ ಇನ್ನ ಮ್ಯಾಲೆ ಯಾರೂ ಇಳೀಬಾರದು. ಪಾವಟಿಗಿ ಮುಚ್ಚತೇನಿ. ಶೆಕ್ರೆಟ್ರಿಯವರ, ಸಭಾದ ನೋಟೀಸ್ ಇವತ್ತ ಬರೀರಿ."

ಆಗ ಕಚೇರಿಯಲ್ಲಿ ಗದ್ದಲ ಎದ್ದಿತು. ಗೌಡರು ಮಾತ್ರ ಶಲ್ಯ ಹೆಗಲಿಗೇರಿಸಿ, ತಮ್ಮ ಹಳೆಯ ಕುರ್ಚಿಯ ಬೆನ್ನನ್ನು ಒಮ್ಮೆ ಮುಟ್ಟಿ ಹೊರಗೆ ನಡೆದರು.

ಆ ಬಾವಿ ಎಂಥದ್ದೆಂದು ಹೇಳಬೇಕು. ನಮ್ಮ ಕಪ್ಪು ಎರಿ ಭೂಮಿಯಲ್ಲಿ ಎಲ್ಲಿ ತೋಡಿದರೂ ಉಪ್ಪುನೀರು. ಕೆರೆ ಶಿವರಾತ್ರಿಗೆ ಬತ್ತುತ್ತದೆ. ಆಮೇಲೆ ಮಳೆ ಬೀಳುವವರೆಗೂ ಊರಿಗೆಲ್ಲ ಕುಡಿಯಲು ಅದೊಂದೇ ಸಿಹಿನೀರಿನ ಬಾವಿ. ಮೂರು ಕಡೆ ಕಲ್ಲಿನ ಗೋಡೆ, ಒಂದು ಕಡೆ ನೆಲದಿಂದ ನೀರಿನವರೆಗೆ ಮೂವತ್ತೆರಡು ಪಾವಟಿಗೆ. ಕಟ್ಟಿಸಿದವರು ಗೌಡರ ಅಜ್ಜ. ಹೆಂಗಸರು ಮೆಟ್ಟಿಲಿಳಿದು, ಮೊಣಕಾಲು ನೀರಲ್ಲಿ ನಿಂತು, ಕೊಡ ಮುಳುಗಿಸಿ ಹತ್ತಿ ಬರುತ್ತಿದ್ದರು. ಆ ನೀರಿನಿಂದಲೇ ಊರಿಗೆ ನಾರುಹುಣ್ಣು ಬರುತ್ತಿತ್ತು. ಕಾಲಲ್ಲಿ ಬೊಕ್ಕೆಯೆದ್ದು ಒಡೆದು, ಅದರಿಂದ ಬಿಳಿ ನೂಲಿನಂಥ ಹುಳ ಹೊರಗೆ ಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟು ಎಳೆಯಬೇಕು. ಹರಿದರೆ ಕಾಲು ಕೊಳೆಯುತ್ತದೆ. ಚೇರಮನ್ನರ ಅಣ್ಣನಿಗೆ ಹಾಗೆ ಹರಿದ ನಾರಿನ ಹುಣ್ಣಿನಿಂದ ಧನುರ್ವಾಯುವಾಗಿ, ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಇವರು ಪಂಚಾಯ್ತಿಗೆ ನಿಂತದ್ದೇ ಆ ಬಾವಿಗಾಗಿ.

ಮಂಗಳವಾರ ಆರೋಗ್ಯ ನಿರೀಕ್ಷಕರು ಶಲವಡಿಯ ಕಡೆಯಿಂದ ಸೈಕಲ್ ತುಳಿದು ಬಂದರು. ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಹಿಡಿದು ನನ್ನ ಕೈಗೆ ಭೂತಗನ್ನಡಿ ಕೊಟ್ಟರು.

"ಚುಕ್ಕಿಗತೆ ಜಿಗದಾಡತಾವಲ್ಲ, ಕಂಡ್ವೇನ್ರಿ? ನಾರು ಬಂದ ಮನಶ್ಯಾ ನೀರಾಗ ಕಾಲಿಟ್ರ ಅದು ಮರಿ ಬಿಡತೈತಿ. ಮರೀನ ಈ ಚುಕ್ಕಿ ತಿಂತಾವ. ಚುಕ್ಕೀನ ನಾವು ಕುಡೀತೇವಿ. ಮುಂದ ಒಂದ ವರ್ಷಕ್ಕ ನಮ್ಮ ಕಾಲಾಗ ನಾರು."

ನಾನು ಧಾರವಾಡದ ಓಣಿಯಲ್ಲಿ ನಳದ ನೀರು ಕುಡಿದು ಬೆಳೆದವನು. ಆದರೆ ಈ ಊರಿಗೆ ಬಂದು ಎರಡು ವರ್ಷವಾಗಿತ್ತು, ಅಷ್ಟೂ ದಿನ ಆ ಚುಕ್ಕಿಗಳನ್ನು ಕುಡಿದಿದ್ದೆ.

ಹೋಗುವ ಮುನ್ನ ಅವರು ನನ್ನ ಮೇಜಿನ ಬಳಿ ಕೂತು ಒಂದು ಕಾಗದ ಬರೆದುಕೊಟ್ಟರು. ಮೊದಲು ಬಾವಿಯ ಬಾಯಿಯ ಸುತ್ತ ಸೊಂಟದೆತ್ತರ ಕಟ್ಟೆ. ಆಮೇಲೆ ಕಂಬ ನಿಲ್ಲಿಸಿ ಗಡಗಡಿ, ಅಂದರೆ ಹಗ್ಗದ ರಾಟೆ. ಚೆಲ್ಲಿದ ನೀರು ಮತ್ತೆ ಬಾವಿಗೆ ಇಳಿಯದಂತೆ ಹೊರಗಡೆ ಇಳಿಜಾರು ಹಾಸುಗಲ್ಲು. ಜನ ಮೇಲಿನಿಂದ ಸೇದುವುದು ರೂಢಿಯಾದ ಬಳಿಕ, ಎಲ್ಲಕ್ಕೂ ಕೊನೆಗೆ, ಪಾವಟಿಗೆ ಮುಚ್ಚುವುದು. ಅಲ್ಲಿಯವರೆಗೆ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ಕುಡಿಯುವುದು. 'ಎಲ್ಲಕ್ಕೂ ಕೊನೆಗೆ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು.

"ಸಭಾದಾಗ ಓದಿ ಹೇಳ್ರಿ. ಚೇರಮನ್ನರು ಹೊಲದಾಗ ಅದಾರಂತ, ನನಗ ಕಾಯಾಕ ವ್ಯಾಳ್ಯಾ ಇಲ್ಲ."

"ಓದತೇನ್ರಿ," ಎಂದು ಕಾಗದವನ್ನು ಫೈಲಿನಲ್ಲಿ ಇಟ್ಟುಕೊಂಡೆ.

ಗುರುವಾರದ ಸಭೆಯ ಹೊತ್ತಿಗೆ ಊರು ಎರಡಾಗಿತ್ತು. ಬರೀ ಓಣಿ ಓಣಿಯ ನಡುವಿನ ಜಗಳವಾಗಿದ್ದರೆ ನಾನು ಆಶ್ಚರ್ಯಪಡುತ್ತಿರಲಿಲ್ಲ. ಇದು ಮನೆಮನೆಯ ಒಳಗೆ ಹೊಕ್ಕಿತ್ತು. ನಾರು ಬಂದು ಎರಡು ತಿಂಗಳು ಮಲಗೆದ್ದ ಗಂಡ ಮುಚ್ಚಬೇಕು ಅಂದರೆ, ದಿನಾ ನೀರು ತರುವ ಹೆಂಡತಿ ಬೇಡ ಅನ್ನುತ್ತಿದ್ದಳು. ಮುಖ್ಯೋಪಾಧ್ಯಾಯರು ಹೊಸಬರನ್ನು ಧೈರ್ಯವಂತ ಎಂದರು. ಗುಡಿಯ ಪೂಜಾರಿ, "ಕುರ್ಚಿ ಬಿಸಿ ಆಗೂದರಾಗ ಗಂಗವ್ವಗ ಬಾಗಲಾ ಹಾಕಾಕ ನಿಂತಾನ," ಎಂದು ಸಂಕಟಪಟ್ಟರು.

ಸಭೆಯಲ್ಲಿ ಗೌಡರು ಧ್ವನಿ ಏರಿಸದೆ ಮಾತಾಡಿದರು. "ಮದುವಿಯಾದ ಹೆಣ್ಣಮಕ್ಕಳು ಗಂಗಿ ಪೂಜಾಕ್ಕ ಎಲ್ಲಿ ಇಳೀಬೇಕ್ರಿ? ನಮ್ಮ ಅಜ್ಜ ಬಾವಿ ತೋಡಸಿದ್ದು ಮಂದಿ ಇಳೀಲಿ ಅಂತ. ನೆಗಡಿ ಬಂತು ಅಂತ ಮೂಗ ಕೊಯ್ಕೋತೀರೇನು?"

"ನಮ್ಮಣ್ಣ ನೆಗಡಿಯಿಂದ ಸತ್ತಿಲ್ಲರಿ ಗೌಡ್ರ," ಅಂದರು ಚೇರಮನ್ನರು.

ಕಿಟಕಿಯ ಹೊರಗೆ ಹೆಂಗಸರು ನಿಂತಿದ್ದರು. ಅವರಲ್ಲಿ ಚುರಮುರಿ ಭಟ್ಟಿಯ ಹೆಣ್ಣುಮಗಳು ಸರಳಿಗೆ ಮುಖವಿಟ್ಟು ಕೂಗಿದಳು. ನಲವತ್ತು ದಾಟಿದ ವಿಧವೆ. ಅಕ್ಕಿ ನೆನೆಸಿ, ಉಪ್ಪುನೀರು ಹಾಕಿ, ಮರಳಲ್ಲಿ ಹುರಿದು ಚುರಮುರಿ ಮಾಡಿ ಮಾರುತ್ತಿದ್ದಳು. ಎರಡು ಸಲ ನಾರು ಬಂದು ಎಡಗಾಲು ಸ್ವಲ್ಪ ಎಳೆಯುತ್ತಿತ್ತು.

"ನಾರು ವರ್ಷಕ್ಕೊಮ್ಮೆ ಬರತೈತ್ರಿ, ನೀರು ದಿನಾ ಬೇಕು. ನಾ ದಿನಕ್ಕ ಹನ್ನೆರಡ ಕೊಡ ತರತೇನಿ. ಮ್ಯಾಲಿಂದ ಜಗ್ಗಿದ್ರ ನನ್ನ ರಟ್ಟಿ ಉಳೀತಾವೇನು?"

"ಗಡಗಡಿ ಹಾಕಸ್ತೇನವ್ವಾ. ಹಗುರ ಆಗತೈತಿ."

"ಹಾಕಸ್ರಿ ಮದಲ! ಆಮ್ಯಾಲೆ ಮುಚ್ರಿ."

ಎಲ್ಲರೂ ನಕ್ಕರು. ಗೌಡರೂ ನಕ್ಕರು. ಆಕೆ ಹೇಳಿದ್ದೇ ನನ್ನ ಫೈಲಿನಲ್ಲಿ ಎರಡು ಗೆರೆ ಎಳೆದು ಬರೆದಿತ್ತು. ಕಾಗದ ತೆಗೆದು ಓದಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಫೈಲಿನ ದಾರ ಬಿಚ್ಚುತ್ತಿರುವಾಗಲೇ ಯಾರೋ ಮೇಜು ಗುದ್ದಿದರು, ಇನ್ನೊಬ್ಬರು ಎದ್ದು ನಿಂತರು, "ಕೈ ಎತ್ರಿ, ಕೈ ಎತ್ರಿ" ಎಂದು ಕೂಗಾಯಿತು. ಎಂಟು ಕೈ ಮೇಲೆದ್ದವು. ನಾನು ದಾರ ಮತ್ತೆ ಕಟ್ಟಿ ಠರಾವು ಬರೆದೆ: 'ಸದರಿ ಬಾವಿಯ ಪಾವಟಿಗೆ ಮುಚ್ಚುವುದು, ಕಟ್ಟೆ ಕಟ್ಟುವುದು, ಗಡಗಡಿ ಹಾಕಿಸುವುದು ಎಂದು ಠರಾಯಿಸಲಾಯಿತು.' ಕಿವಿಗೆ ಬಿದ್ದ ಕ್ರಮದಲ್ಲೇ ಬರೆದೆ.

ಗದ್ದಲ ಅಡ್ಡ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ನಿಜ ಅದಲ್ಲ. ಸಭೆ ಮುಗಿದ ಮೇಲೆ ಚೇರಮನ್ನರೂ ನಾನೂ ಚಹಾ ಕುಡಿದೆವು. ಆಗ ಕೊಡಬಹುದಿತ್ತು. ನನ್ನ ಠರಾವಿನ ಪುಸ್ತಕದ ತುಂಬ 'ಮುಂದಿನ ಸಭೆಗೆ ಇಡಲಾಯಿತು' ಎಂದೇ ಬರೆದು ಬೇಸತ್ತಿದ್ದೆ. ಮೊದಲ ಬಾರಿಗೆ ಒಬ್ಬರು ಮಾಡುತ್ತೇನೆ ಅಂದದ್ದನ್ನು ಮಾಡಲು ಹೊರಟಿದ್ದರು. ಅವರನ್ನು ತಡೆಯುವ ಕಾಗದ ಹಿಡಿದು ನಿಲ್ಲುವವನು ನಾನಾಗುವುದು ನನಗೆ ಬೇಡವಾಗಿತ್ತು. ಕಟ್ಟೆಯ ಕಲ್ಲು ಹೇಗೂ ಎರಡು ದಿನದಲ್ಲಿ ಬರುತ್ತದೆ, ಅಷ್ಟರಲ್ಲಿ ಏನು ಆಗಿಹೋಗುತ್ತದೆ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಚೇರಮನ್ನರು ಗೌಂಡಿಯನ್ನೂ ನಾಲ್ಕು ಆಳುಗಳನ್ನೂ ಕರೆದುಕೊಂಡು ಬಾವಿಗೆ ಬಂದರು. ನಾನು ಠರಾವಿನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದೆ. ಒಂದು ಬದಿಗೆ ಅವರ ಕಡೆಯವರು, ಇನ್ನೊಂದು ಬದಿಗೆ ಗೌಡರ ಕಡೆಯವರು. ಗೌಡರು ಬಂದಿರಲಿಲ್ಲ. ಗೌಂಡಿ ವಯಸ್ಸಾದವನು, ಆ ಸುತ್ತಿನಲ್ಲಿ ಎಷ್ಟೋ ಬಾವಿ ಕಟ್ಟಿದವನು. ಹಾರೆಯನ್ನು ನೆಲಕ್ಕೂರಿ ನನ್ನನ್ನೇ ಕೇಳಿದ:

"ಸಾಹೇಬ್ರ, ಮದಲ ಕಟ್ಟಿ ಕಟ್ಟೂದಲ್ಲೇನ್ರಿ?"

ನಾನು ಚೇರಮನ್ನರ ಕಡೆ ನೋಡಿದೆ.

"ಪಾವಟಿಗಿ ಇರೂತನಕ ಮಂದಿ ಇಳಿಯೂದು ಬಿಡಂಗಿಲ್ಲೋ," ಎಂದರು ಅವರು. "ಕಲ್ಲು ಬರೂ ಹಾದಿ ಕಾಯ್ಕೋತ ಕುಂತ್ರ ಇನ್ನೊಂದ ನಾಕ ಮಂದಿ ನಾರು ಹೊತ್ತು ಇಳೀತಾರ. ಹೊಡಿ."

ಗೌಂಡಿ ಮತ್ತೊಮ್ಮೆ ನನ್ನ ಮುಖ ನೋಡಿದ. ನಾನು ಪುಸ್ತಕವನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದೆ. ಅವನು ಹಾರೆ ಎತ್ತಿದ.

ಮಧ್ಯಾಹ್ನದೊಳಗೆ ಮೇಲಿನ ಏಳು ಪಾವಟಿಗೆ ಕಿತ್ತು, ಅದೇ ಕಲ್ಲನ್ನು ದಾರಿಗೆ ಸುರಿದು, ಮೇಲೆ ಜಾಲಿಮುಳ್ಳು ಹೇರಿದರು. ಕೆಳಗಿನ ಇಪ್ಪತ್ತೈದು ಹಾಗೇ ಉಳಿದವು. ಸೇದಲು ಅನುಕೂಲವಾಗಲೆಂದು ಬಾಯಿಯ ಮೇಲೆ ಎರಡು ತೊಲೆ ಅಡ್ಡ ಹಾಕಿದರು. ನಿಂತು ನೋಡುತ್ತಿದ್ದ ಒಬ್ಬ ಮುದುಕಿ ಮೊದಲ ಕಲ್ಲು ಉರುಳಿದಾಗ ಸತ್ತವರಿಗೆ ಅಳುವಂತೆ ಅತ್ತಳು. ಅವಳ ಮೊಮ್ಮಗಳು ನಾರಿನ ಕಾಲಿಗೆ ಬಟ್ಟೆ ಸುತ್ತಿಕೊಂಡು ಅವಳ ಬೆನ್ನು ಸವರುತ್ತಿದ್ದಳು.

ಶನಿವಾರ ಕಲ್ಲು ಬರಲಿಲ್ಲ. ನವಲಗುಂದದ ಗುಡ್ಡದ ಕಡೆಯಿಂದ ಬರಬೇಕಿದ್ದ ಬಂಡಿಗಳಲ್ಲಿ ಒಂದರ ಅಚ್ಚು ಮುರಿದಿತ್ತು. ರವಿವಾರ ಅಮಾವಾಸ್ಯೆ, ಎತ್ತು ಹೂಡಲಿಲ್ಲ. ಆ ಎರಡು ದಿನ ಹೆಂಗಸರು ಬಾವಿಯ ಬೋಳು ಅಂಚಿನಲ್ಲಿ, ತೊಲೆಯ ಮೇಲೆ ನಿಂತು ಹಗ್ಗ ಜಗ್ಗಿ ನೀರು ಸೇದಿದರು. ಚೆಲ್ಲಿದ ನೀರಿಗೆ ಕಲ್ಲೂ ತೊಲೆಯೂ ಜಾರುತ್ತಿದ್ದವು. ರವಿವಾರ ಸಂಜೆ ನಾನು ಹೋಗಿ ತೊಲೆಯ ಮೇಲೆ ಕಾಲಿಟ್ಟು ನೋಡಿದೆ, ಜಾರಿದಂತಾಗಿ ಕಾಲು ಹಿಂದೆ ತೆಗೆದೆ. ನಾಳೆ ಚೇರಮನ್ನರಿಗೆ ಹೇಳಲೇಬೇಕು ಅಂದುಕೊಂಡು ಮನೆಗೆ ಬಂದೆ.

ಸೋಮವಾರ ಬೆಳಕು ಹರಿಯುವಾಗ ಕೂಗು ಕೇಳಿತು. ಓಡಿದೆ. ಬಾವಿಯ ಸುತ್ತ ಆಗಲೇ ಜನ. ಬಗ್ಗಿ ನೋಡಿದರೆ ಕೆಳಗೆ, ನೀರಿನ ಅಂಚಿನ ಪಾವಟಿಗೆಯ ಮೇಲೆ, ಚುರಮುರಿ ಭಟ್ಟಿಯ ಹೆಣ್ಣುಮಗಳು ಬಿದ್ದಿದ್ದಳು. ಒಂದು ಕಾಲು ಮಡಚಬಾರದ ಕಡೆಗೆ ಮಡಚಿತ್ತು. ನೀರಿಗೆ ಬಿದ್ದಿದ್ದರೆ ಪೆಟ್ಟಾಗುತ್ತಿರಲಿಲ್ಲ. ಅವಳು ಬಿದ್ದದ್ದು ನಾವು ಉಳಿಸಿದ ಮೆಟ್ಟಿಲ ಮೇಲೆ. ಅವಳು ಕೂಗುತ್ತಿರಲಿಲ್ಲ. ಕೂಗಿದ್ದು ನೀರು ಸೇದಲು ಅವಳ ಹಿಂದೆ ನಿಂತಿದ್ದ ಹೆಂಗಸು.

ಇಳಿಯುವ ದಾರಿ ನಾವೇ ಮುಚ್ಚಿದ್ದು. ಎಲ್ಲರೂ ಒಂದು ಗಳಿಗೆ ಆ ಮುಳ್ಳಿನ ರಾಶಿಯನ್ನು ನೋಡುತ್ತ ನಿಂತುಬಿಟ್ಟರು. ಚೇರಮನ್ನರು ಎಲ್ಲಿಂದ ಬಂದರೋ ತಿಳಿಯದು, ಬರಿಗೈಯಲ್ಲಿ ಜಾಲಿಯನ್ನು ಕಿತ್ತು ಎಸೆಯತೊಡಗಿದರು. ಗೌಡರ ಮಗ ಅವರ ಬಾಜೂಕ್ಕೆ ಬಂದು ಕಲ್ಲು ಎಳೆದ. ಇಬ್ಬರೂ ಉರುಳುವ ಕಲ್ಲಿನ ಮೇಲೆ ಕೂತು ಜಾರುತ್ತ ಕೆಳಗಿಳಿದರು. ಮೇಲಿನಿಂದ ಒಂದು ಹೊರಸು ಮಂಚ ಇಳಿಬಿಟ್ಟೆವು. ಅದಕ್ಕೆ ಅವಳನ್ನು ಸೀರೆಯಿಂದ ಕಟ್ಟಿ, ನಾಲ್ಕು ಹಗ್ಗಕ್ಕೆ ನಾಲ್ಕು ನಾಲ್ಕು ಜನ ಹಿಡಿದು ಒಂದೇ ಸಮ ಎಳೆದೆವು. ಗೌಡರು ತಮ್ಮ ಟ್ರ್ಯಾಕ್ಟರ್ ತರಿಸಿ, ಟ್ರೇಲರಿನಲ್ಲಿ ಜೋಳದ ಕಣಿಕೆ ಹಾಸಿಸಿದರು. ಹುಬ್ಬಳ್ಳಿಯ ದವಾಖಾನೆಗೆ ಹೊರಟಾಗ ಚೇರಮನ್ನರು ಅವಳ ತಲೆಯ ಹತ್ತಿರ ಕೂತಿದ್ದರು. ಅಂಗೈ ತುಂಬ ರಕ್ತ.

ಆ ದಿನ ಊರಿನ ಮಾತು ಕೇಳಲಾಗುತ್ತಿರಲಿಲ್ಲ. ಗುರುವಾರ ಕೈ ಎತ್ತಿದವರೇ "ಹೇಳಿದ್ವಲ್ಲ, ಹುಚ್ಚ ಅವನು" ಅನ್ನತೊಡಗಿದ್ದರು. ಸಂಜೆಯೊಳಗೆ ತಾಲ್ಲೂಕಿನ ಬಿಡಿಓ ಸಾಹೇಬರಿಗೆ ಅರ್ಜಿ ಹೋಯಿತು. ಬುಧವಾರ ಊರಲ್ಲೇ ಚೌಕಶಿ, ಅಂದರೆ ವಿಚಾರಣೆ, ಎಂದು ಉತ್ತರ ಬಂತು.

ಮಂಗಳವಾರ ನಾನು ಹುಬ್ಬಳ್ಳಿಗೆ ಹೋದೆ. ಸೊಂಟದ ಎಲುಬು ಮುರಿದಿತ್ತು. ಕಾಲಿಗೆ ಹಗ್ಗ ಕಟ್ಟಿ ಮಂಚದ ತುದಿಯಿಂದ ಭಾರ ತೂಗುಬಿಟ್ಟಿದ್ದರು. ಅವಳ ತಂಗಿ ಗಾಳಿ ಬೀಸುತ್ತ ಕೂತಿದ್ದಳು. ಏನು ಹೇಳಬೇಕೆಂದು ಯೋಚಿಸಿಕೊಂಡು ಹೋಗಿದ್ದೆಲ್ಲ ಮರೆತುಹೋಯಿತು. ಕಾಗದದ ಸಂಗತಿ ಹೇಳಿಬಿಟ್ಟೆ.

"ಮದಲ ಕಟ್ಟಿ ಕಟ್ಟಬೇಕು ಅಂತ ಬರದಿದ್ರು. ನನ್ನ ಕಡೆ ಇತ್ತು. ನಾ ಓದಲಿಲ್ಲ."

ಮಲಗಿದ್ದವಳು ನನ್ನ ಕಡೆ ತಿರುಗಿದಳು. "ಕಾಗದ ಯಾಕ ಬೇಕಿತ್ರಿ?" ಎಂದಳು. "ನಾ ಬಾಯಿಲೇ ಹೇಳಿದ್ನಲ್ಲ. ನೀವೆಲ್ಲಾ ನಕ್ರಿ."

ಅಷ್ಟೇ. ಮುಖ ಗೋಡೆಗೆ ತಿರುಗಿಸಿದಳು. ಮರಳಿ ಬರುವ ಬಸ್ಸಿನಲ್ಲಿ ನಾನು ಅಣ್ಣಿಗೇರಿಯವರೆಗೂ ನಿಂತೇ ಬಂದೆ. ಸೀಟು ಖಾಲಿಯಾದದ್ದು ಕಾಣಲಿಲ್ಲ.

ಬುಧವಾರ ಬಿಡಿಓ ಸಾಹೇಬರು ಚಾವಡಿಯ ಕಟ್ಟೆಯ ಮೇಲೆ ಕೂತರು. ಊರಿಗೆ ಊರೇ ಬಂದಿತ್ತು. ಅವರು ಠರಾವು ಓದಿಸಿ, ಚೇರಮನ್ನರನ್ನು ಕೇಳಿದರು: "ಕಟ್ಟೆ ಇಲ್ಲದೆ ಮೆಟ್ಟಿಲು ಒಡೆಯಬಾರದು ಅಂತ ನಿಮಗೆ ಗೊತ್ತಿರಲಿಲ್ಲವೇ?"

"ಗಡಬಡಿ ಮಾಡಿದ್ನಿರಿ. ತಪ್ಪು ನಂದು," ಎಂದರು ಅವರು. ಅಂಗೈಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದರು. "ಆದ್ರ ಹಿಂಗಲ್ಲ ಹಿಂಗ ಮಾಡು ಅಂತ ತಿಳದವರು ಯಾರೂ ನನಗ ಹೇಳಲಿಲ್ಲರಿ."

ಗೌಂಡಿ ದೂರದಲ್ಲಿ ನಿಂತಿದ್ದ. ನೆಲ ನೋಡುತ್ತಿದ್ದ. ಅವನು ನನ್ನ ಹೆಸರು ಹೇಳುವುದಿಲ್ಲವೆಂದು ನನಗೆ ಗೊತ್ತಾಯಿತು. ಕಾಗದ ಫೈಲಿನಲ್ಲಿದೆ ಎಂದು ನನ್ನನ್ನೂ ಆರೋಗ್ಯ ನಿರೀಕ್ಷಕರನ್ನೂ ಬಿಟ್ಟರೆ, ಹುಬ್ಬಳ್ಳಿಯಲ್ಲಿ ಮಲಗಿದ್ದವಳಿಗೂ ಅವಳ ತಂಗಿಗೂ ಮಾತ್ರ ಗೊತ್ತು. ಎದ್ದು ನಿಂತೆ. ದಾರ ಬಿಚ್ಚಲು ಗುರುವಾರ ಎಷ್ಟು ಹೊತ್ತು ಹಿಡಿದಿತ್ತೋ ಅಷ್ಟೂ ಹಿಡಿಯಲಿಲ್ಲ. ಕಾಗದವನ್ನು ಸಾಹೇಬರ ಮುಂದಿಟ್ಟು, ಅದು ಯಾವತ್ತು ನನ್ನ ಕೈಗೆ ಬಂತು, ಸಭೆಯಲ್ಲಿ ಯಾಕೆ ಓದಲಿಲ್ಲ, ಗೌಂಡಿ ಏನು ಕೇಳಿದ, ನಾನು ಹೇಗೆ ಸುಮ್ಮನಿದ್ದೆ ಎಲ್ಲವನ್ನೂ ಹೇಳಿದೆ.

ಅವರು ಗಟ್ಟಿಯಾಗಿ ಓದಿದರು. 'ಎಲ್ಲಕ್ಕೂ ಕೊನೆಗೆ' ಎಂಬಲ್ಲಿ ನಿಂತು ಮತ್ತೊಮ್ಮೆ ಓದಿದರು.

ಜನ ಬೈಯುತ್ತಾರೆಂದು ಕಾದೆ. ಯಾರೂ ಬೈಯಲಿಲ್ಲ. ಗೌಡರು ಮಾತ್ರ, "ಓದಿದವ್ರು ನೀವು. ನಾವು ಜಗಳಾಡಾಕತ್ತಿದ್ವಿ, ನೀವರ ಓದಬೇಕಿತ್ತು," ಎಂದರು. ಚೇರಮನ್ನರು ನನ್ನ ಹತ್ತಿರ ಬಂದು ನಿಂತರು. ಕೋಪವಿರಲಿಲ್ಲ. ಅಪ್ಪಟ ಬೆರಗು ಇತ್ತು ಆ ಮುಖದಲ್ಲಿ.

"ಎಂಟ ದಿನ ನಿಮ್ಮ ಫೈಲಿನ್ಯಾಗ ಇತ್ತೇನ್ರಿ ಇದು?"

"ಹೌದ್ರಿ."

ಅವರು ತಿರುಗಿ ತಮ್ಮ ಜಾಗಕ್ಕೆ ಹೋಗಿ ನಿಂತರು.

ಬಿಡಿಓ ಸಾಹೇಬರು ನನಗೆ ಮೆಮೊ ಕೊಟ್ಟರು, ಬಳಿಕ ಸಂಶಿಯ ಕಡೆಗೆ ವರ್ಗ. ಬಾವಿಯ ವಿಷಯದಲ್ಲಿ ಹಿಂದೆ ಹೋಗಲಿಲ್ಲ: ಕಟ್ಟೆ ಮುಗಿಯುವವರೆಗೆ ಸೇದುವ ಕೆಲಸ ಆಳುಗಳದ್ದು, ಹೆಂಗಸರು ಅಂಚಿಗೆ ಬರಕೂಡದು ಎಂದು ಬರೆದರು. ಅವಿಶ್ವಾಸದ ಮಾತು ಎದ್ದಾಗ ಗೌಡರೇ ಬೇಡ ಅಂದರು. "ಪಾವಟಿಗಿ ಹೋದ್ವು. ಇನ್ನ ಕಟ್ಟಿ ಕಟ್ಟಲಿ. ಅರ್ಧ ಮಾಡಿ ಬಿಟ್ಟ ಹ್ವಾದ್ರ ಮತ್ತೊಬ್ಬಾಕಿ ಬೀಳತಾಳ." ಇದನ್ನು ಅವರ ಕಡೆಯವರು ಕೆಲವರು ಕೊನೆಯವರೆಗೂ ಕ್ಷಮಿಸಲಿಲ್ಲ.

ಕೆಲಸ ಹದಿನಾಲ್ಕು ದಿನ ಹಿಡಿಯಿತು. ಈ ಸಲ ಕಾಗದದಲ್ಲಿದ್ದ ಕ್ರಮವನ್ನು ನಾನು ದಪ್ಪ ಅಕ್ಷರದಲ್ಲಿ ಬರೆದು ಗೌಂಡಿಯ ಬಳಿ ನಿಂತು ಒಂದೊಂದಾಗಿ ಓದಿ ಹೇಳಿದೆ. ಅವನಿಗೆ ಅದು ಬೇಕಿರಲಿಲ್ಲ, ಆದರೂ "ಮುಂದ?" ಎಂದು ಕೇಳುತ್ತಿದ್ದ. ಬಾಯಿಯ ಸುತ್ತ ಗಚ್ಚಿನ ಕಟ್ಟೆ ಎದ್ದಿತು. ನಾಲ್ಕು ಕಲ್ಲುಕಂಬ, ನಾಲ್ಕು ಗಡಗಡಿ. ಹಾಸುಗಲ್ಲಿನ ಮೇಲೆ ಒಂದು ಕೊಡ ನೀರು ಸುರಿದು ಅದು ಹೊರಗೆ ಹರಿಯುವುದನ್ನು ನೋಡಿದೆವು. ಮೊದಲು ಒಂದು ಮೂಲೆಯಲ್ಲಿ ಒಳಕ್ಕೆ ತಿರುಗಿತು. ಕಲ್ಲು ಎಬ್ಬಿಸಿ ಮತ್ತೆ ಕೂರಿಸಿದರು. ಕೊನೆಗೆ ಪಾವಟಿಗೆಯ ದಾರಿಗೆ ಅಡ್ಡಗೋಡೆ. ಎರಡನೆಯ ಬೇಸಿಗೆಗೆ ಆ ಊರಲ್ಲಿ ಹೊಸ ನಾರು ಕಾಣಲಿಲ್ಲವೆಂದು ಆರೋಗ್ಯ ನಿರೀಕ್ಷಕರು ಮುಂದೆ ಯಾವುದೋ ಬಸ್ಸಿನಲ್ಲಿ ಸಿಕ್ಕಾಗ ಹೇಳಿದರು. ಕೇಳಿ ಸಂತೋಷವಾಯಿತು. ಸಂತೋಷವಾದ್ದಕ್ಕೆ ನಾಚಿಕೆಯೂ ಆಯಿತು.

ನಾನು ಊರು ಬಿಟ್ಟದ್ದು ಮಳೆಗಾಲ ಶುರುವಾದ ಮೇಲೆ. ನವಲಗುಂದಕ್ಕೆ ಹೋಗಿ ಕಾಗದಪತ್ರ ಮುಗಿಸಿ ಸಂಶಿಗೆ ಹೋಗಬೇಕಿತ್ತು. ಟ್ರಂಕು ಹಿಡಿದು ಬಸ್ ನಿಲ್ಲುವಲ್ಲಿಗೆ ಬಂದರೆ ಚೇರಮನ್ನರು ಮೊದಲೇ ನಿಂತಿದ್ದರು. ನನ್ನನ್ನು ಕಳಿಸಲು ಅಲ್ಲ. ಜೊತೆಗೆ ಗೌಡರ ಮಗ, ನಡುವೆ ಒಂದು ಹೊರಸು. ಹುಬ್ಬಳ್ಳಿಯಿಂದ ಅವಳು ಆ ಬಸ್ಸಿಗೇ ಬರುವವಳಿದ್ದಳು.

ಚೌಕಶಿಯ ದಿನದ ನಂತರ ಚೇರಮನ್ನರು ನನ್ನೊಂದಿಗೆ ಕೆಲಸದ ಮಾತು ಬಿಟ್ಟರೆ ಬೇರೆ ಆಡಿರಲಿಲ್ಲ. ಈಗ ರಸ್ತೆಯ ಕಡೆ ನೋಡುತ್ತಲೇ ಹೇಳಿದರು:

"ನೀವು ಓದಿದ್ರೂ ಅವತ್ತ ನಾ ಕೇಳತಿದ್ದಿಲ್ಲೋ ಏನೋ, ಶೆಕ್ರೆಟ್ರಿಯವರ. ನಮ್ಮಣ್ಣನ ಹೊರತು ನನ್ನ ತಲ್ಯಾಗ ಏನೂ ಇದ್ದಿಲ್ಲ."

"ಆದ್ರೂ ಓದಬೇಕಿತ್ರಿ."

"ಹೌದ್ರಿ. ಓದಬೇಕಿತ್ತು."

ಬಸ್ ಬಂತು. ಕಂಡಕ್ಟರ್ ಅವಸರ ಮಾಡಲಿಲ್ಲ. ಇಬ್ಬರೂ ಒಳಗೆ ಹತ್ತಿ, ಅವಳ ತೋಳಿಗೆ ತೋಳು ಕೊಟ್ಟು, ಬಾಗಿಲಲ್ಲಿ ಅಡ್ಡ ತಿರುಗಿಸಿ, ಮೆಲ್ಲಗೆ ಕೆಳಗಿಳಿಸಿ ಹೊರಸಿನ ಮೇಲೆ ಕೂರಿಸಿದರು. ನಾನು ಅವಳ ಗಂಟನ್ನೂ ಹೊಸ ಊರುಗೋಲನ್ನೂ ಇಸಿದುಕೊಂಡು ಹೊರಸಿನ ಮೇಲಿಟ್ಟೆ. ಅವಳು ನನ್ನನ್ನು ನೋಡಿದಳು. ನನ್ನ ಟ್ರಂಕನ್ನೂ ನೋಡಿದಳು.

"ಹೊಂಟ್ರೇನು?" ಎಂದಳು.

"ಹೊಂಟ್ನಿರಿ."

ಅವರು ಹೊರಸು ಎತ್ತಿದರು. ನಾನು ಬಸ್ ಹತ್ತಿದೆ. ಬಸ್ಸು ತುಂಬಿತ್ತು, ಅವಳು ಎದ್ದ ಸೀಟೊಂದೇ ಖಾಲಿ. ಬಹಳ ಹೊತ್ತು ಕಂಬ ಹಿಡಿದು ನಿಂತಿದ್ದೆ. ಆಮೇಲೆ ಕಂಡಕ್ಟರ್ ಬೈದ ಮೇಲೆ ಅಲ್ಲೇ ಕೂತೆ.